ಮಂಜಿನಲ್ಲಿ ನಿಂತ ಕಾರು

"ಅಮ್ಮಾ...!"

ಸುಧಾರಾಣಿ ಕಿರುಚಿಯೇ ಬಿಟ್ಟಳು. ಬೆನ್ನ ಹಿಂದೆ, ಕೈಗೆಟುಕುವಷ್ಟು ಹತ್ತಿರ, ಬಿಳಿ ಕಾರೊಂದು ಬಂದು ನಿಂತಿತ್ತು. ಒಂದಿಷ್ಟೂ ಸದ್ದಿಲ್ಲ. ಮಂಜೇ ಗಟ್ಟಿಯಾಗಿ ಕಾರಾದಂತೆ!

"ಹೆದರಬ್ಯಾಡ್ರಿ... ನಾನು ಯಲ್ಲೇಶ್," ಎನ್ನುತ್ತಾ ಯುವಕನೊಬ್ಬ ಇಳಿದ.

ಹೆಸರು ಅವಳಿಗೆ ಗೊತ್ತಿತ್ತು. ಹೊಸಪೇಟೆಯಲ್ಲಿ ಅವಳು ಮಾರುತ್ತಿದ್ದ ಐಷಾರಾಮಿ ಎಲೆಕ್ಟ್ರಿಕ್ ಕಾರಿನ ಎದುರಾಳಿ ಕಂಪನಿಯವನು. ಸಂಡೂರಿನ ಗಣಿ ಮಾಲೀಕ ವಿರುಪಾಕ್ಷಪ್ಪನವರು ಇಬ್ಬರನ್ನೂ ಕರೆಸಿದ್ದರು. ಬೆಟ್ಟದ ತೋಟಕ್ಕೆ ಹೋಗುವ ಹಳೆಯ ಗಣಿ ರಸ್ತೆಯಲ್ಲಿ ಎರಡೂ ಕಾರು ನೋಡಿ, ಒಂದನ್ನು ಕೊಳ್ಳುವ ವಿಚಾರ. ಮೊದಲು ಅವರು ಸುಧಾರಾಣಿಯ ಕಾರು ಹತ್ತಿದ್ದರು. ಯಲ್ಲೇಶ್ ತನ್ನ ಎಲೆಕ್ಟ್ರಿಕ್ ಕಾರಿನಲ್ಲಿ ಹಿಂದೆ ಬರುತ್ತಿದ್ದ.

ತಿರುವಿನಲ್ಲಿ ಅವಳ ಕಾರು ತಾನೇ ಬ್ರೇಕ್ ಹಾಕಿ ನಿಂತುಬಿಟ್ಟಿತ್ತು. ಏನೆಂದು ನೋಡಲು ಅವಳು ಇಳಿದಿದ್ದಳು.

"ಯಾಕ ನಿಂತ್ರಿ?"

ಅವಳು ಕಾರಿನೊಳಗೆ, ಮುಂದಿನ ರಸ್ತೆ ತೋರುವ ಪರದೆಯತ್ತ ಕೈ ತೋರಿಸಿದಳು. ಕಾರಿನ ಮುಂದೆ ಒಬ್ಬ ಮನುಷ್ಯನ ಆಕೃತಿ! ರಸ್ತೆಯಲ್ಲಿ ಮಾತ್ರ... ಯಾರೂ ಇರಲಿಲ್ಲ.

ಹಿಂದಿನ ಸೀಟಿನಿಂದ ವಿರುಪಾಕ್ಷಪ್ಪನವರ ದನಿ ನಡುಗಿತು. "ತಿರುಗಿಸವ್ವಾ... ಜಲ್ದಿ ತಿರುಗಿಸು!"

ಮರುದಿನ ಆ ಪರದೆಯ ವಿಡಿಯೋ ಹೊಸಪೇಟೆಯವರ ಮೊಬೈಲುಗಳಲ್ಲೆಲ್ಲ ಓಡಾಡಿತು. 'ದೆವ್ವ ಕಾಣೋ ಕಾರು!' ಬುಕ್ ಮಾಡಿದವರೂ ಹಿಂದೆ ಸರಿದರು. ನಿನ್ನ ಕೆಲಸ ಉಳಿಯುವುದು ಕಷ್ಟ ಎಂದರು ಮ್ಯಾನೇಜರ್.

ಆ ಯಲ್ಲೇಶನೇ! ವಿಡಿಯೋ ಹಾಕಿದವನು ಇನ್ಯಾರು?

"ಕಾರು ಮಾರಾಕ ನನ್ನ ಹೊಟ್ಟಿ ಮ್ಯಾಲ ಹೊಡಿತೀರೇನ್ರಿ?" ಅವನಿಗೆ ಫೋನ್ ಮಾಡಿ ಕೇಳಿದಳು.

"ನಾ ಹಾಕಿಲ್ರಿ. ನಂಬದಿದ್ರ ಬಿಡ್ರಿ... ನಾಳೆ ಕಾರು ಅಲ್ಲಿಗೆ ತರ್ರಿ. ಏನೈತಿ ನೋಡೇ ಬಿಡೋಣ. ನಿಮ್ಮ ಹೆಸರು ಕೆಡಬಾರ್ದು."

ಮತ್ತೆ ಅದೇ ಮಂಜು, ಅದೇ ತಿರುವು. ಯಲ್ಲೇಶ್ ಪಕ್ಕದಲ್ಲಿದ್ದ. ಕಾರು ನಿಂತಿತು. ಆಕೃತಿ ಅಲ್ಲೇ ಕಾದಿತ್ತು...

ಯಲ್ಲೇಶ್ ಇಳಿದು ಮುಂದೆ ನಡೆದ. ಮಂಜು ಅವನನ್ನು ನುಂಗಿತು. ಪರದೆಯಲ್ಲೀಗ ಇಬ್ಬರು! ಮೊದಲಿನದು ಮೆಲ್ಲಗೆ ಅವನತ್ತ ತಿರುಗಿತು. ಅಡ್ಡಗಟ್ಟುವಂತೆ ಎರಡೂ ಕೈ ಚಾಚಿತು.

ಸುಧಾರಾಣಿ ಬಾಗಿಲು ತೆರೆದು ಕೂಗಿದಳು.

"ಯಲ್ಲೇಶ್! ಮುಂದ ಹೋಗಬ್ಯಾಡ... ನಿಲ್ಲು!"

ಧಡ್ಡೆಂದು ಮಣ್ಣು ಕುಸಿದ ಸದ್ದು. ಅವಳು ಓಡಿದಳು. ಅವನ ಕಾಲ್ಬೆರಳ ಮುಂದೆಯೇ ರಸ್ತೆ ಮುಗಿದಿತ್ತು. ಹಿಂದಿನ ವಾರದ ಮಳೆಗೆ ಕೆಂಪು ಗುಡ್ಡ ಜರಿದಿತ್ತು. ಕೆಳಗೆ ಕಂದರ!

ಅವನ ಅಂಗಿ ಹಿಡಿದು ಎಳೆದವಳು, ಹಾಗೇ ಅತ್ತುಬಿಟ್ಟಳು.

ಅವನು ಸ್ಪೀಕರ್ ಹಾಕಿ ವಿರುಪಾಕ್ಷಪ್ಪನವರಿಗೆ ಫೋನ್ ಮಾಡಿದ. "ಸಾಹುಕಾರ್ರೇ, ತಿರುವಿನಾಗ ರಸ್ತೆ ಕುಸಿದೈತಿ. ಯಾರನ್ನೂ ಕಳಿಸಬ್ಯಾಡ್ರಿ. ಅವತ್ತು ಆ ಕಾರು ನಿಂತಿದ್ದಕ್ಕ ಉಳಿದೀರಿ. ತಗೊಳ್ಳೋದಾದ್ರ ಅದನ್ನೇ ತಗೋರಿ."

ಆಚೆಯಿಂದ ವಿರುಪಾಕ್ಷಪ್ಪನವರ ದನಿ ಕೇಳಿತು.

"ಆ ವಿಡಿಯೋ ನಾನೇ ಗೆಳೆಯರಿಗೆ ಕಳಿಸಿದ್ದೆಪಾ... ತಪ್ಪಾತು. ಆ ಹುಡುಗಿಗೆ ಹೇಳು. ಅದೇ ಕಾರು ಬೇಕು ನನಗ."

ಸುಧಾರಾಣಿ ತಲೆ ತಗ್ಗಿಸಿದಳು. ಇಬ್ಬರೂ ಕಾರಿಗೆ ಮರಳಿದಾಗ ಪರದೆ ಬರಿದಾಗಿತ್ತು. ಅಡ್ಡ ನಿಂತು ಉಳಿಸಿದ್ದು ಯಾರೆಂದು ಇಬ್ಬರಿಗೂ ತಿಳಿಯಲಿಲ್ಲ.

"ನಿಮ್ಮನ್ನ ಏನೇನೋ ಅಂದೆ... ಕ್ಷಮಿಸ್ರಿ."

"ಆಗ 'ರಿ' ಬಿಟ್ಟು 'ನಿಲ್ಲು' ಅಂದ್ಯಲ್ಲ, ಅದು ಭಾಳ ಚಲೋ ಇತ್ತು."

ಅವಳ ಕೆನ್ನೆ ಕೆಂಪಾಯಿತು. "ನಿಮ್ಮ ಕಂಪನಿಗೆ ಏನಂತಿ?"

"ಸೋತೆ ಅಂತೀನಿ."

"ಮತ್ತ... ನನಗ?"

"ಮನಸೋತೆ ಅಂತೀನಿ."

ಕಣ್ಣೀರಿನ ನಡುವೆಯೇ ನಕ್ಕು ಅವಳು ಅವನ ಕೈ ಹಿಡಿದಳು.

"ನಾನೇನು ಗೆದ್ದೀನಿ? ಇಬ್ರೂ ಸೋತೀವಿ ಬಿಡು..."