ಕಾರ್ಡ್ ತೋರಿಸಿ, ಒಳಗೆ ನಡೀರಿ!

"ಅಣ್ಣಾ... ಅವರ ಕಾರು!"

ಆಕೆ ನನ್ನ ತೋಳು ಹಿಡಿದು ಜಗ್ಗಿದಳು. ಅವಳ ಇನ್ನೊಂದು ಕೈಗೆ ಪ್ಲಾಸ್ಟರ್. ಮುರಿದವನು ಗಂಡ. ನೂರು ಲಾರಿಗಳ ಒಡೆಯ, ಎಲ್ಲರ ಬಾಯಲ್ಲೂ ದಣಿ. ನಾನು ಅವಳ ಒಡಹುಟ್ಟಿದವನಲ್ಲ; ದಣಿ ನನ್ನ ಮುಖ ಕಂಡವನೂ ಅಲ್ಲ.

"ಈ ಸಲ ಸಿಕ್ಕಿದ್ರೆ ನನ್ನ ಹೆಣಾನೇ ಆಚೆ ಬರೋದು."

ನನಗೂ ಅನುಮಾನವಿರಲಿಲ್ಲ.

ಏರ್‌ಪೋರ್ಟ್ ಬಾಗಿಲಲ್ಲಿ ಗಾರ್ಡ್. ಗುರುತಿನ ಕಾರ್ಡ್ ಇಲ್ಲದೆ ನೊಣವನ್ನೂ ಬಿಡುವವನಲ್ಲ. ಹಾಗಾಗಿ ಟಿಕೆಟ್ ಅವಳ ಸ್ವಂತ ಹೆಸರಲ್ಲೇ ಆಗಬೇಕು. ಆದರೆ ಟಿಕೆಟ್ ಕೌಂಟರಿನ ಕ್ಲರ್ಕ್ ದಣಿಯ ಉಪ್ಪು ತಿಂದವನು! ಹೆಸರು ಕಂಡ ಕೂಡಲೇ ಫೋನ್ ಮಾಡಿದ್ದ.

ಅತ್ತ ದರಿ, ಇತ್ತ ಪುಲಿ!

"ಕೊನೇ ಕರೆ ಕೊಡ್ತಿದಾರೆ, ಓಡು! ಅಲ್ಲಿ ನಮ್ಮಕ್ಕ ಬಂದಿರ್ತಾಳೆ. ಅವಳ ಮನೇಲಿರು."

"ಅವ್ರಿಗೆ ಗೊತ್ತಾದ್ರೆ?"

"ಊರು ಗೊತ್ತಾಗುತ್ತೆ. ದೊಡ್ಡೂರು, ಹುಡುಕ್ಕೊಂಡು ಸಾಯ್ಲಿ! ನನ್ನ ಹೆಸರು ಗೊತ್ತಾಗ್ಬಾರ್ದು ಅಷ್ಟೇ. ಗೊತ್ತಾದ್ರೆ ಅಕ್ಕನ ಮನೆ ಸಿಕ್ಕಂಗೆ."

ಗಾರ್ಡ್ ಅವಳ ಕಾರ್ಡಿನ ಹೆಸರನ್ನು ಜೋರಾಗಿ ಓದಿದ. ಟಿಕೆಟ್ಟಿನದನ್ನೂ ಓದಿದ. ಎಲ್ಲರದ್ದನ್ನೂ ಹಾಗೇ ಓದುತ್ತಿದ್ದ, ಹಾಜರಿ ಕೂಗುವ ಮೇಷ್ಟರ ಹಾಗೆ. ಅವಳು ಒಳಗೆ ಹೋದಳು.

ದಣಿ ಬಂದ. ಹಿಂದೆ ಇಬ್ಬರು ದಾಂಡಿಗರು. ಒಳಗೆ ನುಗ್ಗಲೆಂದೇ ಕಾರಲ್ಲೇ ಯಾವುದೋ ವಿಮಾನದ ಟಿಕೆಟ್ ತೆಗೆದಿದ್ದ, ಮೊಬೈಲ್ ಎತ್ತಿ ಹಿಡಿದು ಕ್ಯೂ ಸೀಳಿಕೊಂಡು ನುಗ್ಗಿದ. ನಾನು ಬೇಕೆಂದೇ ಡಿಕ್ಕಿ ಹೊಡೆದೆ.

"ಕಣ್ಣು ಕಾಣ್ಸಲ್ವೇನೋ!"

"ತಪ್ಪಾಯ್ತು ಸಾರ್."

ಅವನ ಪರ್ಸ್ ನನ್ನ ಅಂಗಿ ತೋಳಿನೊಳಗೆ. ಅಲ್ಲಿಂದ ಕಸದ ಡಬ್ಬಿಗೆ!

"ಕಾರ್ಡ್ ಸಾರ್?"

ದಣಿ ಜೇಬು ತಡಕಿದ. ಎಲ್ಲ ಜೇಬೂ ತಡಕಿದ.

"ನಾನ್ಯಾರು ಗೊತ್ತೇನೋ?"

"ಗೊತ್ತಿಲ್ಲ ಸಾರ್. ಅದಕ್ಕೇ ಕಾರ್ಡ್ ಕೇಳ್ತಿರೋದು."

ಕ್ಯೂ ಗೊಳ್ಳೆಂದಿತು. ದಣಿ ಕೂಗಾಡಿದ, ಯಾರ್ಯಾರಿಗೋ ಫೋನ್ ಮಾಡಿದ. ಗಾರ್ಡ್ ಜಗ್ಗಲಿಲ್ಲ. ಅಷ್ಟರಲ್ಲಿ ತಲೆಯ ಮೇಲೆ ವಿಮಾನ ಗುಡುಗುತ್ತಾ ಹೋಯಿತು. ಅಬ್ಬಾ, ಎದೆ ಹಗುರವಾಯಿತು!

ದಣಿಯ ಕಣ್ಣು ನನ್ನ ಮೇಲೆ ನಿಂತಿತು.

"ಇವ್ನೇ! ನಂಗೆ ಡಿಕ್ಕಿ ಹೊಡ್ದವ್ನು!"

ದಾಂಡಿಗರು ನನ್ನ ಬೆನ್ನಿಗೆ ಬಂದು ನಿಂತರು. ಮುಂದೆ ಗಾರ್ಡ್ ಕೈ ಚಾಚಿದ.

"ನಿಮ್ದು ತೋರ್ಸಿ, ಒಳಗೆ ನಡೀರಿ."

ನನ್ನ ಬಳಿ ಮುಂದಿನ ವಿಮಾನದ ಟಿಕೆಟ್ ಇತ್ತು, ಅಕ್ಕನ ಊರಿಗೇ. ಕಾರ್ಡೂ ಇತ್ತು. ಒಂದೇ ಹೆಜ್ಜೆ... ಬಚಾವ್! ಆದರೆ ಈ ಪುಣ್ಯಾತ್ಮ ಹೆಸರನ್ನು ಓದುತ್ತಾನಲ್ಲ! ದಣಿ ಮೊಳ ದೂರದಲ್ಲಿ ಕಿವಿ ನಿಮಿರಿಸಿಕೊಂಡು ನಿಂತಿದ್ದಾನೆ.

ಕಾರ್ಡ್ ಕೇಳುವುದು ಸರಿಯೋ ತಪ್ಪೋ, ನನ್ನನ್ನು ಕೇಳಬೇಡಿ. ಈಗಷ್ಟೇ ಅದು ದಣಿಯನ್ನು ತಡೆದಿತ್ತು. ಈಗ ನನ್ನ ಕುತ್ತಿಗೆಗೇ ಬಂದಿತ್ತು.

"ಬೇಗ ಸಾರ್!"

ಭಯವಾಯಿತು, ಸುಳ್ಳೇಕೆ ಹೇಳಲಿ?

"ಕಾರ್ಡ್ ಮರ್ತು ಬಂದಿದೀನಿ," ಎಂದೆ.

ತಿರುಗಿದೆ. ತಿರುಗುವಾಗ ಯಾರಿಗೂ ಕಾಣದಂತೆ ಟಿಕೆಟ್ಟೂ ಕಾರ್ಡೂ ಫೋನೂ ಡಬ್ಬಿಗೆ ಬಿದ್ದವು.

ಪಾರ್ಕಿಂಗ್ ಜಾಗದಲ್ಲಿ, ಕಾರುಗಳ ಸಂದಿಯಲ್ಲಿ, ದಣಿ ತೋಳು ಮಡಚಿದ.

"ಹೆಸರೇನೋ?"

ಕಾರಿಗೆ ಬೆನ್ನು ಕೊಟ್ಟು ನಿಂತೆ.

"ಬೊಗಳೋ, ಹೆಸರೇನು?"

ಎರಡು ಹಲ್ಲು ಹೋದವು. ಹೆಸರು ಬಾಯಲ್ಲೇ ಉಳಿಯಿತು!