ಧೂಪದ ಮಸಿ

“ನಿಮಗೆ ಹೊಸ ಕಾರ್ಡ್ ಕೊಡಲ್ಲ ಕಣ್ರೀ!”

ಲಹರಿ ಹುಬ್ಬೇರಿಸಿದಳು. ತಾನಾಗಿ ಅಂಗಡಿಗೆ ಬಂದ ಗಿರಾಕಿಗೆ ಹೀಗೆನ್ನುವ ವ್ಯಾಪಾರಿಯನ್ನು ಅವಳು ಮೈಸೂರಿನಲ್ಲಿ ಎಲ್ಲಿಯೂ ಕಂಡಿರಲಿಲ್ಲ.

ನಜರ್‌ಬಾದಿನ ಆ ಪುಟ್ಟ ಕಂಪ್ಯೂಟರ್ ಅಂಗಡಿಯ ಮಾಲೀಕ ಮೃತ್ಯುಂಜಯ, ಹಣೆಯ ವಿಭೂತಿ ಬೆವರಿಗೆ ಕರಗುತ್ತಿದ್ದರೂ ಅದರ ಪರಿವೆಯಿಲ್ಲದೆ, ಅವಳ ಯಂತ್ರದೊಳಗೆ ದೃಷ್ಟಿ ನೆಟ್ಟಿದ್ದ.

ಅವಳ ಸಂಕಟ ಸಣ್ಣದಾಗಿರಲಿಲ್ಲ. ಬರುವ ಭಾನುವಾರ, ಮನೆಯಿಂದಲೇ ಆನ್‌ಲೈನಿನಲ್ಲಿ ಆಡುವ ಕಾರ್ ರೇಸ್ ಆಟದ ರಾಜ್ಯಮಟ್ಟದ ಅಂತಿಮ ಪಂದ್ಯ. ತೆರೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ನಾಲ್ಕು ವರ್ಷ ಹಳೆಯದು. ಹತ್ತು ನಿಮಿಷ ಆಡುವಷ್ಟರಲ್ಲಿ ಅದು ಕೆಂಡದಂತೆ ಕಾದು, ತಿರುವುಗಳಲ್ಲಿ ಚಿತ್ರವೇ ತಡವರಿಸುತ್ತಿತ್ತು. ಕಳೆದ ವರ್ಷ ಗೆಲುವಿನ ಗೆರೆ ಕಣ್ಣೆದುರಿಗಿರುವಾಗಲೇ ಅವಳು ಸೋತದ್ದು ಹೀಗೆ.

“ಹಾಗಾದ್ರೆ ಓವರ್‌ಕ್ಲಾಕ್ ಆದ್ರೂ ಮಾಡಿಕೊಡಿ. ಕಂಪನಿಯವರು ಇಟ್ಟಿರೋ ಮಿತಿಗಿಂತ ಜೋರಾಗಿ ಓಡಲಿ.”

“ಅದೂ ಮಾಡಲ್ಲ. ಏದುಸಿರು ಬಿಡ್ತಿರೋರಿಗೆ ಇನ್ನೂ ಜೋರಾಗಿ ಓಡು ಅಂತಾರೇನ್ರೀ?”

“ಮತ್ತೆ ಅಂಗಡಿ ತೆಗೆದಿರೋದು ಯಾಕೆ? ಮಂಗಳಾರತಿ ಮಾಡೋಕಾ?”

ಮೃತ್ಯುಂಜಯ ನಕ್ಕುಬಿಟ್ಟ. ಒಳಗಿನ ಫ್ಯಾನಿನ ರೆಕ್ಕೆಯನ್ನು ಬೆರಳಿಂದ ಸವರಿ, ಆ ಬೆರಳನ್ನು ಮೂಗಿನ ಬಳಿ ಹಿಡಿದ. ನಗು ಮಾಯವಾಯಿತು...

“ಇದನ್ನ ಮನೆಯಲ್ಲಿ ಎಲ್ಲಿ ಇಟ್ಟಿರ್ತೀರಿ?”

“ನಡುಮನೇಲಿ. ದೇವರ ಮನೆ ಬಾಗಿಲ ಪಕ್ಕ.”

ಅವನ ಕಣ್ಣು ಸ್ಟೂಲಿನ ಮೇಲೆ ಕುಳಿತಿದ್ದ ಅವಳ ತಂದೆಯತ್ತ ಹೊರಳಿತು. ನಿವೃತ್ತ ಸಂಸ್ಕೃತ ಪಂಡಿತರಾದ ನಂಜುಂಡಯ್ಯನವರು ಕೃಷ್ಣಮೂರ್ತಿಪುರಂನಿಂದ ಆಟೋದಲ್ಲಿ ಆ ಯಂತ್ರವನ್ನು ವೀಣೆಯಂತೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು.

“ಜೋಪಾನ ಕಣಪ್ಪ. ಮಗಳ ವಿದ್ಯೆಯೆಲ್ಲ ಅದರೊಳಗಿದೆ,” ಎಂದರು.

ಮೃತ್ಯುಂಜಯ ಯಂತ್ರದ ಗಾಜಿನ ಬಾಗಿಲನ್ನು ಮೆಲ್ಲನೆ ಮುಚ್ಚಿದ. “ಬಿಟ್ಟು ಹೋಗಿ. ಶುಕ್ರವಾರ ಕೊಡ್ತೀನಿ.”

ಅಭ್ಯಾಸ ತಪ್ಪಬಾರದೆಂದು ಅವಳು ಪ್ರತಿದಿನ ಸಂಜೆ ಕೆಲಸ ಮುಗಿಸಿ ಅದೇ ಅಂಗಡಿಗೆ ಬಂದು, ಅವನ ಯಂತ್ರದಲ್ಲಿ ಆಡತೊಡಗಿದಳು. ಅವನು ತನ್ನ ಕೆಲಸದಲ್ಲಿ ಮುಳುಗಿರುತ್ತಿದ್ದ. ಆದರೆ ಗುರುವಾರ ಇದ್ದಕ್ಕಿದ್ದಂತೆ ಹೇಳಿದ:

“ಎಲ್ಲರೂ ತಿರುವು ಬಂದ ಮೇಲೆ ಬ್ರೇಕ್ ಹಾಕ್ತಾರೆ. ನೀವು ಬರೋಕೆ ಮುಂಚೇನೇ ಹಾಕ್ತೀರಿ. ಆಮೇಲೆ ಹಿಂತಿರುಗಿ ನೋಡಲ್ಲ.”

ಲಹರಿಯ ಕೈ ಕೀಲಿಮಣೆಯ ಮೇಲೆಯೇ ನಿಂತಿತು. ಇಷ್ಟು ಕಾಲ ಗೆದ್ದೆಯಾ, ಸೋತೆಯಾ ಎಂದು ಕೇಳಿದವರುಂಟು. ಹೇಗೆ ಓಡಿಸಿದೆ ಎಂದು ನೋಡಿದವರು...?

‘ಇವನು ನೋಡುತ್ತಲೇ ಇದ್ದನೇ!’ ಎದೆಯೊಳಗೆ ಹೆಸರಿಲ್ಲದ ಬೆಳಕೊಂದು ಹತ್ತಿಕೊಂಡಿತು.

ಶುಕ್ರವಾರ ಮನೆಗೆ ತಂದ ಯಂತ್ರ ತೊರೆಯ ನೀರಿನಂತೆ ಹರಿಯಿತು. ಒಂದು ಗಂಟೆ ಆಡಿದರೂ ಚಿತ್ರ ಒಮ್ಮೆಯೂ ತಡವರಿಸಲಿಲ್ಲ.

“ಏನು ಮಾಡಿದ್ರಿ?” ಎಂದು ಅಂಗಡಿಯಲ್ಲಿ ಕೇಳಿದಾಗ, “ಸ್ವಲ್ಪ ಕ್ಲೀನ್ ಮಾಡಿದೆ, ಅಷ್ಟೇ. ಇನ್ಮೇಲೆ ನಿಮ್ಮ ರೂಮಲ್ಲಿ ಇಡಿ,” ಎಂದಿದ್ದ. “ಯಾಕೆ?” ಎಂದರೆ, “ಸುಮ್ನೆ...”

ಆ ‘ಸುಮ್ನೆ’ ಅವಳನ್ನು ಚುಚ್ಚುತ್ತಲೇ ಇತ್ತು. ಶನಿವಾರ ಬೆಳಿಗ್ಗೆ, ಇನ್ನೂ ನಡುಮನೆಯಲ್ಲೇ ಇದ್ದ ಯಂತ್ರದ ಗಾಜಿನಾಚೆ ದಿಟ್ಟಿಸಿದವಳು ಬೆಚ್ಚಿದಳು. ಪ್ರತಿ ಆಯುಧಪೂಜೆಯಲ್ಲಿ ಅಪ್ಪ ಕಾರ್ಡಿನ ಅಂಚಿಗೆ ಇಡುತ್ತಿದ್ದ ಕುಂಕುಮದ ಬೊಟ್ಟು ಇಲ್ಲ! ಲೋಹ ಹೊಚ್ಚ ಹೊಸದರಂತೆ ಹೊಳೆಯುತ್ತಿದೆ...

‘ಇದು ನನ್ನ ಕಾರ್ಡೇ ಅಲ್ಲ. ಬದಲಾಯಿಸಿದ್ದಾನೆ!’

ಅವಳ ಸ್ಕೂಟರ್ ನಜರ್‌ಬಾದಿನಲ್ಲಿ ನಿಂತಿತು.

“ನನ್ನ ಕಾರ್ಡ್ ಎಲ್ಲಿ?”

“ಅದು ನಿಮ್ಮದೇ.”

“ಹಾಗಾದ್ರೆ ಕುಂಕುಮ ಏನಾಯ್ತು?”

“...ತೆಗೆದೆ.”

“ಯಾಕೆ?”

ಅವನು ಮುಖ ತಿರುಗಿಸಿದ. “ಅದೊಂದು ಕೇಳಬೇಡಿ, ಲಹರಿ.”

“ನಂಬಿದ್ದೆ ನಿಮ್ಮನ್ನ!” ಅವಳು ಸ್ಕೂಟರಿನ ಕೀಲಿ ಎತ್ತಿಕೊಂಡಳು. “ಸಂಜೆ ಬೇರೆ ಕಡೆ ಹೊಸ ಕಾರ್ಡ್ ಹಾಕಿಸ್ಕೋತೀನಿ. ನಿಮ್ಮ ಉಪಕಾರ ಬೇಡ!”

ಅವನು ತಡೆಯಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

ಸಂಜೆ ಯಂತ್ರವನ್ನು ಒಯ್ಯಲು ಸಿದ್ಧಳಾಗಿ ಕೋಣೆಯಿಂದ ಹೊರಬಂದಳು. ಉಳಿದ ದಿನ ಈ ಹೊತ್ತಿಗೆ ಅವಳು ಮನೆಯಲ್ಲಿ ಇರುವವಳಲ್ಲ. ನಡುಮನೆಯ ಹೊಸಿಲಲ್ಲಿ ಕಾಲು ಕೀಲಿಸಿದಂತೆ ನಿಂತಳು.

ನಂಜುಂಡಯ್ಯನವರು ಮಡಿಯುಟ್ಟು, ಯಂತ್ರವನ್ನು ಚಾಲೂ ಮಾಡಿ, ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಕೈಯಲ್ಲಿ ಧೂಪಾರತಿ. ಸಾಂಬ್ರಾಣಿಯ ದಟ್ಟ ಹೊಗೆಯನ್ನು ತಿರುಗುವ ಫ್ಯಾನಿಗೆ ತಾಗುವಂತೆ ಹಿಡಿದು, ಕಣ್ಮುಚ್ಚಿ ಜಪಿಸುತ್ತಿದ್ದರು.

“ಅಪ್ಪಾ! ಏನು ಮಾಡ್ತಿದ್ದೀರಿ?”

“ಬಂದ್ಯಾ ಮಗಳೇ? ದಿನಾ ತೋರಿಸ್ತೀನಮ್ಮ, ಇದು ಮನೆಗೆ ಬಂದಾಗಿನಿಂದ. ಹೋದ ವರ್ಷ ನೀನು ಸೋತು ಅತ್ತೆಯಲ್ಲ, ಆವತ್ತಿಂದ ಎರಡು ಹೊತ್ತು, ಬೆಳಿಗ್ಗೆ ನೀನು ಏಳೋಕೆ ಮುಂಚೇನೂ.” ಅವರ ಮುಖ ಅರಳಿತು. “ನೋಡು, ಹೊಗೇನ ಎಂಥ ಶ್ರದ್ಧೆಯಿಂದ ಒಳಗೆ ಎಳ್ಕೊಳುತ್ತೆ! ದೇವರೇ ಸ್ವೀಕಾರ ಮಾಡ್ದಂಗೆ!”

ಲಹರಿಯ ಕಣ್ಣು ಮಂಜಾಯಿತು. ಬೆರಳನ್ನು ಮೂಸಿ ನಗು ಮರೆತ ಮೃತ್ಯುಂಜಯ... ‘ಸುಮ್ನೆ’ ಎಂದ ಮೃತ್ಯುಂಜಯ... ನಾಲ್ಕು ವರ್ಷಗಳ ಭಕ್ತಿಯೆಲ್ಲ ಜಿಡ್ಡುಮಸಿಯಾಗಿ ಆ ಕಾರ್ಡಿನ ಉಸಿರು ಕಟ್ಟಿಸಿತ್ತು. ಅದಕ್ಕೆ ಶಕ್ತಿ ಸಾಲದೆ ಅಲ್ಲ, ಗಾಳಿ ಸಾಲದೆ ಬಳಲಿತ್ತು!

ನಿಜ ಹೇಳಲು ತೆರೆದ ಬಾಯಿ, ಅಪ್ಪನ ಮುಖ ನೋಡಿ ಮುಚ್ಚಿಕೊಂಡಿತು. ಮೃತ್ಯುಂಜಯನ ಮೌನದ ತೂಕ ಆಗ ಅವಳಿಗೆ ತಿಳಿಯಿತು.

ಅವಳು ಧೂಪಾರತಿಯ ಮುಂದೆ ಮಂಡಿಯೂರಿದಳು. “ಇದಕ್ಕೆ ಬೇಡಪ್ಪಾ. ಇನ್ಮೇಲೆ ನನಗೆ ತೋರಿಸಿ. ಓಡಿಸೋಳು ನಾನಲ್ವಾ?”

“ಅದೂ ಸರಿಯೇ!” ಎಂದು ಅಪ್ಪ ನಕ್ಕರು.

ಅಂದು ರಾತ್ರಿ ಅವಳು ತಲುಪಿದಾಗ ಮೃತ್ಯುಂಜಯ ಅಂಗಡಿಯ ಷಟರ್ ಎಳೆಯುವುದರಲ್ಲಿದ್ದ.

“ಅಪ್ಪ ಹೊಗೆ ಹಾಕೋದನ್ನ ನೋಡಿದೆ,” ಎಂದಳು ಲಹರಿ.

ಅವನು ಷಟರ್ ಬಿಟ್ಟು ಗಾಬರಿಯಿಂದ ತಿರುಗಿದ. “ಅವರಿಗೆ ಹೇಳಿಬಿಟ್ರಾ?”

ತಾನು ನಿರಪರಾಧಿ ಎಂದು ಸಾಬೀತಾದ ಸಂತಸವಲ್ಲ, ಮೊದಲು ಹೊರಟದ್ದು ಆ ಪ್ರಶ್ನೆ!

“ಇಲ್ಲ. ಆದ್ರೆ ನೀವು ನನಗ್ಯಾಕೆ ಹೇಳಲಿಲ್ಲ? ಕಳ್ಳ ಅನ್ನಿಸ್ಕೊಂಡು ನಿಂತಿದ್ರಲ್ಲ!”

“ನಿಮ್ಮ ಕಣ್ಣಿಗೆ ಕಳ್ಳನಾದ್ರೆ ನೋವು ನನಗೊಬ್ಬನಿಗೆ. ತಮ್ಮ ಪೂಜೆಯೇ ಮಗಳನ್ನ ಸೋಲಿಸ್ತು ಅಂತ ಗೊತ್ತಾದ್ರೆ... ಆ ಹಿರಿಯರು ಸಾಯೋವರೆಗೂ ಅದನ್ನ ಹೊರಬೇಕು.” ಅವನ ಧ್ವನಿ ತಗ್ಗಿತು. “ನೋವಾಗಲಿಲ್ಲ ಅಂತ ಹೇಳಲ್ಲ. ಬೇರೆ ಯಾರು ಅಂದಿದ್ರೂ ಇಷ್ಟು ಆಗ್ತಿರಲಿಲ್ಲ.”

ಅವನು ಮೇಜಿನ ಡ್ರಾಯರಿನೊಳಗಿಂದ ಮಡಿಸಿದ ಕಾಗದದ ಪುಟ್ಟ ಪೊಟ್ಟಣವೊಂದನ್ನು ತೆಗೆದುಕೊಟ್ಟ. ಬಿಚ್ಚಿದರೆ, ಕಾರ್ಡಿನಿಂದ ಕೆರೆದು ತೆಗೆದ ಕುಂಕುಮ!

“ಕೆಳಗೆ ಬಿದ್ದು ತುಳಿಯೋ ಹಾಗಾಗಬಾರ್ದು ಅಂತ ಎತ್ತಿಟ್ಟಿದ್ದೆ. ಮಸಿ ಸೇರಿದೆ, ನೋಡಿ.”

“ಸೇರಲಿ ಬಿಡಿ,” ಎಂದು ಅವಳು ಚಿಟಿಕೆಯಷ್ಟು ತೆಗೆದು ತನ್ನ ಹಣೆಗಿಟ್ಟುಕೊಂಡಳು. ಕಣ್ಣೀರು ಕೆನ್ನೆಗಿಳಿಯಿತು.

“ಹೊಸ ಕಾರ್ಡ್ ಬೇಕಾ ಇನ್ನೂ?” ಅವನು ಮೆಲ್ಲನೆ ಕೇಳಿದ.

“ಬೇಡ. ಹಳೇದನ್ನ ನೋಡ್ಕೊಳ್ಳೋರು ಬೇಕು... ಅದರ ಜೊತೆ ನನ್ನನ್ನೂ.”

ಮೃತ್ಯುಂಜಯ ಸ್ಟೂಲನ್ನು ಮೆಲ್ಲನೆ ಅವಳತ್ತ ಸರಿಸಿದ. ಈ ಬಾರಿ ಅವಳು ಅವನನ್ನು ತಪ್ಪು ತಿಳಿಯಲಿಲ್ಲ.

“ನಾಳೆ ಪಂದ್ಯಕ್ಕೆ ಮನೆಗೆ ಬನ್ನಿ. ಅಪ್ಪನ ಪಕ್ಕ ಕೂತ್ಕೋಬೇಕು.”

“ಅವರು ಮತ್ತೆ ಧೂಪ ಹಿಡ್ಕೊಂಡು ಬಂದ್ರೆ?”

ಲಹರಿ ಕಣ್ಣೊರೆಸಿಕೊಂಡು ನಕ್ಕಳು.

“ಹೊಗೆ ನೀವು ತಡೀರಿ. ನಾನು ಓಡಿಸ್ತೀನಿ.”