ನೀಲಗರುಡನ ಮುರಿದ ಕೈ

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಠಾಣೆಗೆ ಫೋನ್ ಬಂತು. ಗೊಂಬೆ ಕಳುವಾಗಿದೆಯಂತೆ.

"ಎಂತ ಗೊಂಬೆ?" ಎಂದೆ.

"ನೀಲಗರುಡ. ಒಂದು ಕೈ ಮುರಿದದ್ದು." ದನಿ ನಡುಗುತ್ತಿತ್ತು. ಮಗುವಿನದಲ್ಲ, ಮೀಸೆ ಹೊತ್ತ ಗಂಡಸಿನದು.

ನಾನು ತಿಮ್ಮಪ್ಪ, ಹೊನ್ನಾವರದಲ್ಲಿ ಹೆಡ್ ಕಾನ್‌ಸ್ಟೇಬಲ್. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಕದ್ದ ಎಮ್ಮೆ, ಕದ್ದ ಬೋಟಿನ ಇಂಜಿನ್, ಒಮ್ಮೆ ಬಾವಿಯ ರಾಟೆಯನ್ನೂ ಹುಡುಕಿಕೊಟ್ಟಿದ್ದೇನೆ. ಗೊಂಬೆ ಇದೇ ಮೊದಲು. ಜೋರಾಗಿ ನಕ್ಕುಬಿಟ್ಟೆ. ಆ ನಗುವಿಗೆ ಈಗಲೂ ನಾಚಿಕೆಯಾಗುತ್ತದೆ.

ದೂರು ಕೊಟ್ಟವನು ಐಸ್ ಪ್ಲಾಂಟಿನ ರವೀಂದ್ರ ಹರಿಕಂತ್ರ. ವಯಸ್ಸು ನಲವತ್ತೆರಡು. ಹುಟ್ಟೂರು ಕುಮಟಾ ಹತ್ತಿರದ ಬಾಡ, ಈಗ ಹೊನ್ನಾವರದಲ್ಲಿ ಎರಡಂತಸ್ತಿನ ಮನೆ. ನಾನು ಏದುಸಿರು ಬಿಡುತ್ತ ಮಹಡಿ ಹತ್ತುವಷ್ಟರಲ್ಲಿ ಸಬ್ ಇನ್ಸ್‌ಪೆಕ್ಟರ್ ಸುಚಿತಾ ಮೊಗೇರ ಅಲ್ಲಿದ್ದರು. ಮಾವಳ್ಳಿಯ ಮೀನುಗಾರರ ಮನೆಯವರು. ಮಾತು ಕಡಿಮೆ, ಕಣ್ಣು ಚುರುಕು.

ಕೋಣೆ ನೋಡಿ ಬಾಗಿಲಲ್ಲೇ ನಿಂತೆ. ಮೂರು ಗೋಡೆಗೂ ಕಪಾಟು. ಕಪಾಟಿನ ತುಂಬ ವೀರರು. ಮುಸುಕು ಹಾಕಿದವರು, ರೆಕ್ಕೆ ಕಟ್ಟಿದವರು, ಪ್ಯಾಂಟಿನ ಮೇಲೆ ಚಡ್ಡಿ ತೊಟ್ಟವರು. ಮುನ್ನೂರು ದಾಟಿದ್ದಾರೆ ಎಂದ ರವೀಂದ್ರ. ಜೊತೆಗೆ ಹಳೆ ಸ್ಟಿಕ್ಕರು, ಚಿತ್ರದ ಟಿಫಿನ್ ಡಬ್ಬಿ, ಮಾಸಿದ ಪೋಸ್ಟರು. ಇವೆಲ್ಲದರ ಮುಂದೆ, ಗಾಜಿನ ಬದಲು, ಒಂದು ಹಳೆಯ ಹಸಿರು ಮೀನುಬಲೆ. ಸೂರಿನಿಂದ ನೆಲದವರೆಗೆ ಬಿಗಿದು ಕಟ್ಟಿ, ಸುತ್ತ ಮೊಳೆ ಹೊಡೆದಿದ್ದ. ಬಲೆಯ ಕಣ್ಣಿನಲ್ಲಿ ಎರಡು ಬೆರಳು ತೂರುತ್ತವೆ, ಅಷ್ಟೇ. ಒಳಗೆ ಹೋಗಲು ಮೂಲೆಯಲ್ಲೊಂದು ಪುಟ್ಟ ಬಾಗಿಲು, ಅದಕ್ಕೆ ಬೀಗ. ಕೀಲಿ ಅವನ ಉಡಿದಾರದಲ್ಲಿತ್ತು.

ಬೀಗ ಸರಿ ಇತ್ತು. ಮೊಳೆಗಳು ಸರಿ ಇದ್ದವು. ಬಲೆ ಹರಿದಿರಲಿಲ್ಲ. ಮುಂದಿನ ಸಾಲಿನ ನಡುವೆ ಅಂಗೈಯಷ್ಟು ಜಾಗ ಖಾಲಿ ಇತ್ತು.

"ಬೇರೆ ಯಾವುದೂ ಹೋಗಿಲ್ಲವೇ?" ಎಂದರು ಸುಚಿತಾ.

"ಇಲ್ಲ ಮೇಡಂ. ಅದೊಂದೇ. ಆಗೆಲ್ಲ ಚಹಾಪುಡಿ ಪೊಟ್ಟಣದ ಕೂಪನ್ ಹತ್ತು ಸೇರಿಸಿದ್ರೆ ಕೊಡ್ತಿದ್ರು. ನನ್ನ ಮೊದಲ್ನೇ ಗೊಂಬೆ."

ಮೊಬೈಲಿನಲ್ಲಿ ಫೋಟೊ ತೋರಿಸಿದ. ನೀಲಿ ರೆಕ್ಕೆ, ಗರುಡನ ಮೂಗು, ಬಣ್ಣ ಹೋದ ಎದೆ. ಮುರಿದ ತೋಳನ್ನು ಬಲೆಯ ದಾರದಿಂದ ಬಿಗಿದು ಕಟ್ಟಿತ್ತು. ಸುಚಿತಾ ಅದನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು.

"ಈ ಕೈ ಕಟ್ಟಿದ್ದು ಯಾರು?"

"ನಾನೇ. ಸಣ್ಣಕಿದ್ದಾಗ."

ಹಿಂದಿನ ದಿನ, ಭಾನುವಾರ, ರವೀಂದ್ರ ಕೋಣೆಯನ್ನು ಎಲ್ಲರಿಗೂ ತೆರೆದಿಟ್ಟಿದ್ದ. ಬಾಡದ ಹಳೆಯ ನೆರೆಯವರನ್ನೂ ಕರೆದಿದ್ದ. ನೋಡಿದ ಮೇಲೆ ಕೆಳಗೆ ಊಟ. ಹೆಂಡತಿ ಗಾಯತ್ರಿಯನ್ನು ಕೇಳಿದೆವು.

"ಈ ಗೊಂಬೆ ಕಂಡ್ರೆ ನಂಗೆ ಮೈ ಉರಿತದೆ. ಮಕ್ಕಳಿಗೂ ಮುಟ್ಟೂಕೆ ಬಿಡೂದಿಲ್ಲ ಇವ್ರು," ಎಂದಳು. "ಆದ್ರೆ ನಾ ತೆಗ್ದಿದ್ರೆ ಒಂದು ತೆಗೀತಿದ್ನಾ? ಎಲ್ಲಾ ಶರಾವತಿಗೆ ಹಾಕ್ತಿದ್ದೆ."

"ಊಟದ ಹೊತ್ತಿಗೆ ಮೇಲೆ ಯಾರಿದ್ದರು?"

"ಭಟ್ಕಳದ ನರೇಶ ಫೋಟೊ ತೆಗೀತಾ ಇದ್ದ. ಅವನಿಗೆ ಇದರ ಮೇಲೆಲ್ಲಾ ಮೊದ್ಲಿಂದ್ಲೂ ಕಣ್ಣು. ಮತ್ತೆ ಒಬ್ರು ಅಜ್ಜ. ನಿಧಾನ ಇಳ್ದು ಬಂದ್ರು. ಊಟ ಮಾಡಿ ಅಂದೆ, 'ಆತು ತಂಗಿ, ಹೊಟ್ಟೆ ತುಂಬ್ತು' ಅಂದು ಹೋದ್ರು. ಒಂದು ತುತ್ತೂ ತಿಂದಿರ್ಲಿಲ್ಲ."

ನಾನು ನರೇಶನ ಹೆಸರನ್ನು ಬರೆದುಕೊಂಡೆ. ಅಜ್ಜನನ್ನು ಬಿಟ್ಟೆ.

*   *   *

ನರೇಶನದು ಭಟ್ಕಳದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಹಿಂದಿನ ಕೋಣೆಯಲ್ಲಿ ಹಳೆಯ ಆಟಿಕೆಗಳ ವ್ಯಾಪಾರ. ನಾನು ಪೊಲೀಸ್ ದನಿ ತೆಗೆದೆ.

"ನೀಲಗರುಡ ಎಲ್ಲಿಟ್ಟಿದ್ದೀ?"

ಅವನು ನಕ್ಕ. "ಆ ಮುರುಕು ಕೈಯದಾ? ಪುಕ್ಕಟೆ ಕೊಟ್ರೂ ಬೇಡ ಸಾರ್. ನಮ್ಮ ದಂಧೆಯಲ್ಲಿ ಡಬ್ಬಿ ಬಿಚ್ಚದ್ದಕ್ಕೇ ಮರ್ಯಾದೆ. ಅದರ ಪಕ್ಕದಲ್ಲೇ ಸೀಲು ಒಡೆಯದ್ದು ನಾಲ್ಕು ಇತ್ತು. ಅದನ್ನೆಲ್ಲ ಬಿಟ್ಟು ಮುರುಕನ್ನು ತಗೊಂಡು ಹೋದವನಿಗೆ ಗೊಂಬೆಯ ಗಂಧಗಾಳಿ ಇಲ್ಲ."

"ನೀನು ಇಳಿಯುವಾಗ ಅಜ್ಜ ಮೇಲಿದ್ದರಾ?" ಸುಚಿತಾ ಕೇಳಿದರು.

"ಇದ್ರು. ಕಣ್ಣು ಸರಿ ಕಾಣ್ತಿರ್ಲಿಲ್ಲ ಅನ್ಸ್ತದೆ. ಬಲೆಯೊಳಗೆ ಬೆರಳು ಹಾಕಿ ಮುಟ್ಟಿ ನೋಡ್ತಿದ್ರು."

ಜೀಪು ಹತ್ತಿದ ಮೇಲೆ ನಾನು ಗೊಣಗಿದೆ. "ಬಂದದ್ದು ದಂಡ, ಮೇಡಂ."

"ದಂಡ ಅಲ್ಲ ತಿಮ್ಮಪ್ಪಣ್ಣ. ನಾವು ಹುಡುಕಬೇಕಾದ್ದು ಗೊಂಬೆ ಬೇಕಾದವರನ್ನಲ್ಲ. ಆ ಗೊಂಬೆಯೇ ಬೇಕಾದವರನ್ನು."

*   *   *

ಮತ್ತೆ ಹೊನ್ನಾವರದ ಆ ಕೋಣೆ. ಸುಚಿತಾ ಕಣ್ಣು ಮುಚ್ಚಿ ಬಲೆಯ ಮೇಲೆ ಬೆರಳಾಡಿಸಿದರು. ಖಾಲಿ ಜಾಗದ ಎದುರು ಬೆರಳು ನಿಂತಿತು.

"ಇಲ್ಲಿ ನೋಡಿ."

ನಾನು ಕಾಗಾಲದ ಗದ್ದೆ ಮನೆಯವನು. ಮೀನು ತಿನ್ನಲು ಗೊತ್ತು, ಬಲೆ ಗೊತ್ತಿಲ್ಲ. ಆದರೂ ಅವರು ತೋರಿಸಿದ ಮೇಲೆ ಕಂಡಿತು. ನಾಲ್ಕಾರು ಕಣ್ಣುಗಳ ದಾರ ಅಷ್ಟು ಮಾಸಿರಲಿಲ್ಲ. ಯಾರೋ ಬಲೆ ಕತ್ತರಿಸಿ, ಗೊಂಬೆ ತೆಗೆದು, ಮತ್ತೆ ಹೆಣೆದಿದ್ದರು.

"ಕದಿಯುವ ಗಡಿಬಿಡಿಯಲ್ಲಿ ಬಲೆ ಹೆಣೆಯುತ್ತ ಕೂರುವ ಕಳ್ಳ ಯಾರು ಮೇಡಂ?"

"ಬಲೆಯವರು. ಹರಿದ ಬಲೆ ಹಾಗೇ ಬಿಟ್ಟು ಏಳಬಾರದು ಅಂತ ನಮಗೆ ಸಣ್ಣವರಿದ್ದಾಗಲೇ ಕಲಿಸ್ತಾರೆ. ಸೂಜಿಯೂ ದಾರವೂ ಅವರ ಜೇಬಲ್ಲೇ ಇರ್ತದೆ, ನಿಮ್ಮ ಜೇಬಲ್ಲಿ ಪೆನ್ನು ಇದ್ದ ಹಾಗೆ. ಪಳಗಿದ ಕೈಗೆ ಐದು ನಿಮಿಷದ ಕೆಲಸ."

ಆಮೇಲೆ ರವೀಂದ್ರನ ಕೈಗೆ ಒಂದು ತುಂಡು ದಾರ ಕೊಟ್ಟರು. "ಒಂದು ಬಲೆ ಗಂಟು ಹಾಕಿ."

ಅವನು ಮೂರು ಸಲ ಹಾಕಿದ. ಮೂರು ಸಲವೂ ಜಾರಿತು.

"ಅಪ್ಪಂದು ಐಸ್ ಕೆಲಸ, ಮೇಡಂ. ಬಲೆ ನಮ್ಗೆ ಬರೂದಿಲ್ಲ."

"ಹಾಗಾದರೆ ಗೊಂಬೆಯ ಕೈ ಕಟ್ಟಿದ್ದು ನೀವಲ್ಲ." ಸುಚಿತಾ ಫೋಟೊ ಎತ್ತಿ ಹಿಡಿದರು. "ಇದು ಬಲೆ ಗಂಟು. ಎಡಗೈಯವರು ಹಾಕಿದ್ದು, ತಿರುಗು ಉಲ್ಟಾ ಇದೆ. ಬಲೆಯಲ್ಲಿ ಹೊಸದಾಗಿ ಬಿದ್ದ ಗಂಟುಗಳೂ ಉಲ್ಟಾ. ಗೊಂಬೆಯ ಕೈಯನ್ನು ಅಂದು ಕಟ್ಟಿದವರೇ ನಿನ್ನೆ ಈ ಬಲೆ ಹೆಣೆದಿದ್ದಾರೆ. ಊಟ ಮಾಡದೆ ಹೋದ ಅಜ್ಜ ಯಾರು?"

ರವೀಂದ್ರ ದಾರವನ್ನು ಬೆರಳಿಗೆ ಸುತ್ತಿಕೊಂಡ.

"ಬಾಡದ ಜಟ್ಟಣ್ಣ," ಎಂದ. "ಕಣ್ಣು ಮಂಜಾಗಿದೆ ಅಂತ ಕೇಳಿದ್ದೆ. ಗೊಂಬೆಯ ಗುರ್ತು ಸಿಗೂದಿಲ್ಲ ಅಂದ್ಕೊಂಡಿದ್ದೆ."

*   *   *

ಸಂಜೆ ನಾಲ್ಕಕ್ಕೆ ಬಾಡ ತಲುಪಿದೆವು. ರವೀಂದ್ರನೂ ಜೊತೆಗಿದ್ದ.

ಜಟ್ಟಣ್ಣ ಅಂಗಳದಲ್ಲಿ ಬಲೆ ಹರಡಿಕೊಂಡು ಕುಳಿತಿದ್ದರು. ಸೂಜಿ ಎಡಗೈಯಲ್ಲಿತ್ತು. ಬೂಟಿನ ಸದ್ದು ಕೇಳಿ ತಲೆ ಎತ್ತಿದರು.

"ಬನ್ನಿ. ನಿನ್ನೆಯಿಂದ ದಾರಿ ನೋಡ್ತೇ ಇದ್ದೆ. ಕದ್ದದ್ದು ಹೌದು. ಠಾಣೆಗೆ ಬತ್ತೆ. ಬಲೆ ಮಾತ್ರ ಸರಿ ಮಾಡೇ ಬಂದೆ."

"ಅದರಿಂದಲೇ ಸಿಕ್ಕಿಬಿದ್ದಿರಿ ಅಜ್ಜ," ಎಂದರು ಸುಚಿತಾ.

"ಹರುಕು ಬಿಟ್ಟು ಬರೂಕೆ ಕೈ ಕೇಳಬೇಕಲ್ಲ ತಂಗಿ."

ಒಳಗಿನಿಂದ ಗೊಂಬೆ ತಂದು ಜಗಲಿಯ ಮೇಲೆ ನಿಲ್ಲಿಸಿದರು. ಹೆಬ್ಬೆರಳಿನಿಂದ ಅದರ ತೋಳಿನ ಗಂಟು ಸವರಿದರು.

"ಇದು ನನ್ನ ಮಗ ಈರಂದು. ಹತ್ತು ಕೂಪನ್ನು ಸೇರಿಸೂಕೆ ಅವ್ವಿಗೆ ದಿನಾ ಚಾ ಮಾಡು ಅಂತ ಗಂಟುಬಿದ್ದಿದ್ದ. ತಂದ ದಿನಾನೇ ಅದರ ಕೈ ಮುರ್ದ. ನಾನೇ ಕಟ್ಕೊಟ್ಟೆ. ವಾರಕ್ಕೆ ಗೊಂಬೆ ಕಾಣೆ ಆತು. 'ದೋಣಿಯೊಳಗೆ ಇಟ್ಟಿದ್ದೆ ಅಪ್ಪಾ, ಯಾರೋ ತೆಗ್ದಾರೆ' ಅಂದ. ನಾನು ನಂಬ್ಲಿಲ್ಲ. ನೀರಲ್ಲಿ ಬಿಟ್ಟು ಬಂದು ಸುಳ್ಳು ಹೇಳ್ತಿಯಾ ಅಂತ ಹಗ್ಗದಲ್ಲಿ ಹೊಡ್ದೆ. ಮೂರು ದಿನ ಮಾತಾಡ್ಲಿಲ್ಲ ಅಂವ. ಆಮೇಲೆ ಜ್ವರ ಬಂತು. ಕಾಮಾಲೆ ಅಂದ್ರು. ಆ ಮಳೆಗಾಲ ದಾಟ್ಲಿಲ್ಲ."

ಜಟ್ಟಣ್ಣ ಗೊಂಬೆಯನ್ನು ಕೈಗೆತ್ತಿಕೊಂಡರು.

"ಮೂವತ್ತೊಂದು ವರ್ಷ ಆತು. ಮಗ ಸುಳ್ಳು ಹೇಳಿ ಹೋದ ಅಂತ್ಲೇ ಇದ್ದೆ. ನಿನ್ನೆ ಬಲೆಯೊಳಗೆ ಬೆರಳು ಹಾಕ್ದೆ, ನನ್ನ ಗಂಟು ಸಿಕ್ತು. ಅಂವ ಖರೇನೇ ಹೇಳಿದ್ದ. ಅಲ್ಲಿ ಬಿಟ್ಟು ಬರೂಕೆ ಆಗ್ಲಿಲ್ಲ." ಮಂಜು ಕಣ್ಣು ನಮ್ಮ ಹಿಂದೆ ನಿಂತವನ ಕಡೆ ತಿರುಗಿತು. "ಈಗ ನೀವೇ ಕೇಳಿ ತಂಗಿ. ಅದು ಅವನ ಮನೆಗೆ ಹೆಂಗೆ ಬಂತು?"

ಕೇಳಬೇಕಾಗಲಿಲ್ಲ. ರವೀಂದ್ರ ಮುಂದೆ ಬಂದು ಅಂಗಳದಲ್ಲೇ ಮಂಡಿಯೂರಿದ.

"ನಾನೇ ತೆಗ್ದೆ. ದೋಣಿಯಿಂದ. ಸಂಜೆ ಕೊಡ್ವ ಅಂತ ಇದ್ದೆ. ಅಷ್ಟರೊಳಗೆ ಅವನಿಗೆ ಪೆಟ್ಟು ಬಿತ್ತು, ನಾನು ಹೆದರ್ದೆ. ನಾಳೆ ಕೊಡ್ತೆ, ನಾಡ್ದು ಕೊಡ್ತೆ ಅಂತಿದ್ದೆ. ಕೊಡೂಕೆ ಅವನೇ ಇಲ್ಲ ಅಂತಾಯ್ತು. ಬಿಸಾಡೂಕೂ ಆಗ್ಲಿಲ್ಲ. ಒಂದೇ ಇದ್ರೆ ಕದ್ದದ್ದು ಅಂತ ನಂಗೇ ಕಾಣ್ತಿತ್ತು. ಅದ್ಕೇ ಇನ್ನೊಂದು ತಂದೆ, ಮತ್ತೊಂದು ತಂದೆ. ಮುನ್ನೂರು ಆದ್ರೂ ಕಾಣೂದು ಅದೊಂದೇ. ಹೊಡೀರಿ ಜಟ್ಟಣ್ಣ. ನಂಗೆ ಬೀಳಬೇಕಾದ ಪೆಟ್ಟು ಅದು."

ಜಟ್ಟಣ್ಣನ ಎಡಗೈ ಎದ್ದಿತು. ನಾನು ತಡೆಯಲು ಮುಂದಾದೆ. ಸುಚಿತಾ ನನ್ನ ತೋಳು ಹಿಡಿದರು. ಆ ಕೈ ಹೊಡೆಯಲಿಲ್ಲ. ರವೀಂದ್ರನ ನೆತ್ತಿಯ ಮೇಲೆ ಒಂದು ಗಳಿಗೆ ಇದ್ದು, ಕೆಳಗಿಳಿಯಿತು.

"ಹನ್ನೊಂದು ವರ್ಷದ ಪೋರ ನೀನು ಆಗ. ಕದ್ದದ್ದು ನೀನು, ಹೊಡೆದದ್ದು ನಾನು. ನೀನು ಕದ್ದದ್ದನ್ನು ವಾಪಸ್ ತಂದೆ. ನನ್ನ ಪೆಟ್ಟನ್ನು ಎಲ್ಲಿಂದ ವಾಪಸ್ ತರ್ಲಿ?"

ಸುಚಿತಾ ಮುಖ ತಿರುಗಿಸಿ, ದೂರಿನ ಹಾಳೆಯನ್ನು ನನ್ನ ಕೈಗಿತ್ತರು. ನಾನು ಜಗಲಿಯ ಮೇಲಿಟ್ಟು ಬರೆದೆ: ಕಳುವಾದ ವಸ್ತು ವಾರಸುದಾರರ ಮನೆಯಲ್ಲಿ ಸಿಕ್ಕಿರುತ್ತದೆ. ರವೀಂದ್ರ ಸಹಿ ಹಾಕಿದ. ವಾರಸುದಾರರ ಹೆಸರು ಬರೆಯುವ ಕಡೆ ನನ್ನ ಪೆನ್ನು ನಿಂತಿತು.

"ಯಾರ ಹೆಸರು ಬರೀಲಿ ಅಜ್ಜ?"

"ಈರ ಜಟ್ಟ ಹರಿಕಂತ್ರ," ಎಂದರು. "ವಯಸ್ಸು ಹನ್ನೊಂದು ಅಂತ ಬರಿ."

ಹಾಗೆಯೇ ಬರೆದೆ.